1935ರ ಪ್ರದರ್ಶನ, 2022ರ ಕಾನೂನು

ಜನ ಒತ್ತೊತ್ತಾಗಿ ನಿಂತಿದ್ದಾರೆ. ಹೆಂಗಸೊಬ್ಬಳು ಪುಟ್ಟ ಹುಡುಗಿಯನ್ನು ಎತ್ತಿ ಹಿಡಿದಿದ್ದಾಳೆ, ಮಗುವಿಗೂ ಕಾಣಲಿ ಅಂತ. ತೇರು ತೋರಿಸಲು ಎತ್ತುತ್ತೇವಲ್ಲ, ಹಾಗೆಯೇ. ಅವರು ನೋಡುತ್ತಿರುವುದು ಮಾತ್ರ ಚಿತ್ರದಲ್ಲಿಲ್ಲ. ಅಡಿಬರಹ ಇಷ್ಟೇ: ಇವಳಿಗೆ ಇದು ಮೊದಲ ಲಿಂಚಿಂಗ್.

ಅಮೆರಿಕದ ಕಲಾವಿದ ರೆಜಿನಾಲ್ಡ್ ಮಾರ್ಷ್ 1934ರಲ್ಲಿ ಬರೆದ ಈ ಚಿತ್ರ, ಮರುವರ್ಷ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಲಿಂಚಿಂಗ್, ಅಂದರೆ ಗುಂಪುಹತ್ಯೆಯ ವಿರುದ್ಧ ನಡೆದ ಕಲಾ ಪ್ರದರ್ಶನದಲ್ಲಿತ್ತು. ಏರ್ಪಡಿಸಿದ್ದು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ. ಮುಂದೆ ನಿಂತು ನಡೆಸಿದವರು ವಾಲ್ಟರ್ ವೈಟ್. ಮೊದಲು ಒಪ್ಪಿದ್ದ ಗ್ಯಾಲರಿ ಒತ್ತಡಕ್ಕೆ ಹೆದರಿ ಹಿಂದೆ ಸರಿದಿತ್ತು. ಬೇರೆ ಜಾಗ ಹುಡುಕಬೇಕಾಯಿತು.

ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1865ರಲ್ಲಿ. ಆಮೇಲೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಹದ್ದುಬಸ್ತಿನಲ್ಲಿಡಲು ಬಿಳಿಯರು ಹಿಡಿದ ದಾರಿ ಈ ಗುಂಪುಹತ್ಯೆ. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ಹಗ್ಗ, ಬೆಂಕಿ, ಸುತ್ತ ನೂರಾರು ಜನ. 1877ರಿಂದ 1950ರವರೆಗೆ ಹೀಗೆ ಸತ್ತವರು ನಾಲ್ಕು ಸಾವಿರಕ್ಕೂ ಜಾಸ್ತಿ. ಹೆಣದ ಜೊತೆ ನಿಂತು ಫೋಟೋ ತೆಗೆಸಿಕೊಂಡರು, ಅದನ್ನೇ ಪೋಸ್ಟ್‌ಕಾರ್ಡ್ ಮಾಡಿ ಮಾರಿದರು. ಇದನ್ನು ಬರೆಯುವಾಗ ಕೈ ತಡೆಯುತ್ತದೆ.

ಅಂದರೆ ಹೆಣದ ಚಿತ್ರಗಳಿಗೆ ಕೊರತೆಯೇ ಇರಲಿಲ್ಲ. ಅದಕ್ಕೇ ಮಾರ್ಷ್ ಗುಂಪಿನ ಕಡೆ ತಿರುಗಿದ್ದು ಅಷ್ಟು ದೊಡ್ಡ ಕೆಲಸ ಅನ್ನಿಸುತ್ತದೆ ನನಗೆ. ಅದೇ ವಿಷಯ ಹಿಡಿದ ಶಿಲ್ಪಿ ಇಸಾಮು ನೊಗುಚಿ ಹಾಗೆ ಮಾಡಲಿಲ್ಲ. ಟೆಕ್ಸಾಸಿನಲ್ಲಿ 1930ರಲ್ಲಿ ನಡೆದ ಹತ್ಯೆಯ ಫೋಟೋ ನೋಡಿ, ಸೆಟೆದು ತಿರುಚಿದ ಲೋಹದ ದೇಹ ಮಾಡಿ, ನಿಜವಾದ ಹಗ್ಗಕ್ಕೆ ನೇತುಹಾಕಿದರು.

ಪ್ರದರ್ಶನದ ಗುರಿ ಒಂದು ಕಾನೂನು. ಬಂಧನದಲ್ಲಿದ್ದವರನ್ನು ಗುಂಪಿನ ಕೈಗೆ ಬಿಟ್ಟುಕೊಟ್ಟ ಅಧಿಕಾರಿಗಳಿಗೂ ಶಿಕ್ಷೆಯಾಗಬೇಕು ಎನ್ನುವ ಮಸೂದೆ ಆಗ ಅಮೆರಿಕದ ಸಂಸತ್ತಿನ ಮೇಲ್ಮನೆ ಸೆನೆಟ್ ಮುಂದಿತ್ತು. ದಕ್ಷಿಣದ ಸೆನೆಟರ್‌ಗಳು ಮಾತಾಡುತ್ತಲೇ ಕಾಲ ತಳ್ಳಿ ಅದನ್ನು ಮುಗಿಸಿದರು. 1922ರಲ್ಲೂ ಹೀಗೇ ಆಗಿತ್ತು, ಕೆಳಮನೆ ಒಪ್ಪಿದ ಮೇಲೂ.

2000ದಲ್ಲಿ ಆ ಪೋಸ್ಟ್‌ಕಾರ್ಡ್‌ಗಳನ್ನೇ ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕಿಟ್ಟರು. ಈ ಸಲ ಜನ ತಲೆ ತಗ್ಗಿಸಿ ನೋಡಿದರು. 2005ರಲ್ಲಿ ಸೆನೆಟ್ ಕ್ಷಮೆ ಕೇಳಿತು, ಕಾನೂನು ಮಾಡದೇ ಹೋದದ್ದಕ್ಕೆ. ಗುಂಪುಹತ್ಯೆಯ ವಿರುದ್ಧ ದೇಶದ ಕಾನೂನು ಬಂದದ್ದು 2022ರ ಮಾರ್ಚ್ 29ರಂದು. ಅದಕ್ಕೆ ಎಮೆಟ್ ಟಿಲ್ ಎಂಬ ಕಪ್ಪು ಹುಡುಗನ ಹೆಸರಿಟ್ಟರು. ಮಿಸಿಸಿಪ್ಪಿಯಲ್ಲಿ 1955ರಲ್ಲಿ ಕೊಂದಾಗ ಅವನಿಗಿನ್ನೂ ಹದಿನಾಲ್ಕು ವರ್ಷ.

ಮಾರ್ಷ್ ಚಿತ್ರದ ಹುಡುಗಿಗೆ ಆಗ ಐದು ವರ್ಷ ಅಂದುಕೊಳ್ಳಿ. ಕಾನೂನು ಬಂದ ದಿನ ಅವಳಿಗೆ ತೊಂಬತ್ತಮೂರು ಆಗಿರುತ್ತಿತ್ತು.