ಕೂಲರ್ ಕೆಳಗೆ ಕಟ್ಟಿಗೆ ಕೆಲಸ: ತೇವಾಂಶದ ಟಿಪ್ಪಣಿ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಮನೆಯಲ್ಲೇ ಕಟ್ಟಿಗೆ ಕೆಲಸ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ತೇವಾಂಶ ಎಂದ ಕೂಡಲೇ ಎಲ್ಲರಿಗೂ ಮಳೆಗಾಲ ನೆನಪಾಗುತ್ತದೆ. ಆದರೆ ನಮ್ಮ ಕಡೆ ಹೆಚ್ಚು ಎಚ್ಚರ ಬೇಕಾದದ್ದು ಬೇಸಿಗೆಯ ಬಗ್ಗೆ, ಅದರಲ್ಲೂ ಬೇಸಿಗೆಯ ಕೂಲರ್ ಬಗ್ಗೆ. ಯಾಕೆ ಎಂದು ತಿಳಿಯಲು ಸ್ವಲ್ಪ ಲೆಕ್ಕ ಬೇಕು.

ಇಲ್ಲಿ ಎರಡು ಶೇಕಡಾ ಇವೆ. ಗಾಳಿಯದು ಒಂದು, ಕಟ್ಟಿಗೆಯದು ಇನ್ನೊಂದು. ಎರಡನ್ನೂ ಬೆರೆಸಿದರೆ ಮುಂದಿನದೆಲ್ಲ ಗೊಂದಲ. ಗಾಳಿ ಶೇ. 50 ಎಂದರೆ, ಆ ಬಿಸಿಯಲ್ಲಿ ಗಾಳಿ ಹಿಡಿಯಬಲ್ಲ ನೀರಿನ ಅರ್ಧದಷ್ಟು ಅದರಲ್ಲಿದೆ ಎಂದು. ಕಟ್ಟಿಗೆ ಶೇ. 12 ಎಂದರೆ, ಪೂರ್ತಿ ಒಣಗಿಸಿದರೆ 100 ಕಿಲೋ ತೂಗುವ ಕಟ್ಟಿಗೆಯಲ್ಲಿ ಈಗ 12 ಕಿಲೋ ನೀರಿದೆ ಎಂದು. ಗಾಳಿ ಬಹಳ ದಿನ ಒಂದೇ ತರ ಇದ್ದರೆ ಕಟ್ಟಿಗೆ ಅದಕ್ಕೆ ಹೊಂದಿಕೊಳ್ಳುತ್ತದೆ. 30 ಡಿಗ್ರಿ ಆಸುಪಾಸಿನಲ್ಲಿ ಗಾಳಿ ಶೇ. 30 ಇದ್ದರೆ ಕಟ್ಟಿಗೆ ಸುಮಾರು 6ಕ್ಕೆ ನಿಲ್ಲುತ್ತದೆ. 50ಕ್ಕೆ 9, 65ಕ್ಕೆ 12, 80ಕ್ಕೆ 16. ಈ ನಾಲ್ಕು ಜೋಡಿ ಬಾಯಿಪಾಠ ಮಾಡಿಕೊಳ್ಳಿ.

ಈಗ ಕೂಲರ್ ವಿಷಯ. ಏಪ್ರಿಲ್, ಮೇ ಮಧ್ಯಾಹ್ನ ಹೊರಗೆ ಬಿಸಿ 40 ಡಿಗ್ರಿ ದಾಟುತ್ತದೆ, ಗಾಳಿಯ ತೇವಾಂಶ 30ರ ಕೆಳಗೆ ಇಳಿಯುವುದು ಮಾಮೂಲಿ. ಕೂಲರ್ ಆ ಗಾಳಿಯನ್ನು ನೀರಲ್ಲಿ ನೆನೆಸಿ ಒಳಗೆ ತಳ್ಳುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಾಳಿಯ ತೇವಾಂಶದ ಮೀಟರ್ ಸುಲಭವಾಗಿ 65 ಮುಟ್ಟುತ್ತದೆ. ಅಲ್ಲಿ ವಾರಗಟ್ಟಲೆ ಇಟ್ಟ ಹಲಗೆ 12ರ ಕಡೆ ಹೋಗುತ್ತದೆ. ಆಮೇಲೆ ಅದರಲ್ಲಿ ಮಾಡಿದ ಬಾಗಿಲನ್ನು ಕೂಲರ್ ಇಲ್ಲದ ಪಡಸಾಲೆಗೆ ಹಾಕಿದರೆ ಅದು ನಿಧಾನವಾಗಿ 6ಕ್ಕೆ ಇಳಿಯುತ್ತದೆ. ಒಂದಡಿ ಅಗಲದ ಸಾಗವಾನಿ ಹಲಗೆ ಇಷ್ಟರಲ್ಲಿ ಸುಮಾರು 3 ಮಿಲಿಮೀಟರ್ ಕುಗ್ಗಬಲ್ಲದು. ಉದ್ದಕ್ಕೆ ಮಾತ್ರ ಲೆಕ್ಕಕ್ಕೆ ಬರುವಷ್ಟು ಕುಗ್ಗುವುದಿಲ್ಲ. ಅಗಲಕ್ಕೆ ಕುಗ್ಗುವ ಹಲಗೆಯನ್ನು ನಾಲ್ಕೂ ಕಡೆ ಫೆವಿಕಾಲ್ ಹಾಕಿ ಬಿಗಿದರೆ ಅದು ಸೀಳದೆ ಇನ್ನೇನು ಮಾಡೀತು? ವಾರ್ನಿಷ್ ಇದನ್ನು ತಡ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಹಾಗಂತ ಮೇ ತಿಂಗಳ ಸೆಕೆಯಲ್ಲಿ ಕೂಲರ್ ಬಿಟ್ಟು ಕೆಲಸ ಮಾಡಿ ಎಂದು ನಾನು ಹೇಳಲಾರೆ. ಹಲಗೆಗಳ ಅಟ್ಟಿಯನ್ನು ಬೇರೆ ಕೋಣೆಯಲ್ಲಿಡಿ, ಬೇಕಾದಷ್ಟನ್ನೇ ತನ್ನಿ. ಎದುರಿನ ಕಿಟಕಿ ತೆಗೆದಿಡಿ. ಕೂಲರ್ ಗಾಳಿ ನೇರ ಕಟ್ಟಿಗೆಗೆ ಬಡಿಯದಿರಲಿ. ಸಂಜೆ ಕೆಲಸ ಮುಗಿದ ಮೇಲೆ ಅರ್ಧ ಮಾಡಿದ ತುಂಡುಗಳನ್ನು ಅಲ್ಲೇ ಬಿಡಬೇಡಿ. ಇನ್ನೊಂದು, ಬಿಸಿ ಒಣಗಾಳಿಯಲ್ಲಿ ಹಲಗೆಯ ತುದಿಗಳಿಂದ ನೀರು ಬೇಗ ಹೋಗಿ ಅಲ್ಲೇ ಬಿರುಕು ಶುರುವಾಗುತ್ತದೆ. ತುದಿಗೆ ಹಳೇ ಪೇಂಟ್ ಅಥವಾ ಮೇಣ ಬಳಿದರೆ ಸಾಕು.

ಮಳೆಗಾಲದ ಮಾತು ಚಿಕ್ಕದು. ರಾಯಚೂರು ಕಡೆ ಜೋರು ಮಳೆ ಸೆಪ್ಟೆಂಬರಿನಲ್ಲಿ, ಹುಬ್ಬಿ, ಉತ್ತರಿ ಮಳೆಗಳ ಹೊತ್ತಿಗೆ. ಆಗ ಬಂಡೆ ಹಾಸಿದ ನೆಲದಿಂದ ತೇವ ಏರುತ್ತದೆ. ಹಲಗೆಗಳನ್ನು ನೆಲದಿಂದ ಗೇಣು ಎತ್ತರದಲ್ಲಿ, ಗೋಡೆಯಿಂದ ದೂರ, ನಡುವೆ ಒಂದೇ ದಪ್ಪದ ಪಟ್ಟಿ ಕೊಟ್ಟು ಜೋಡಿಸಿ. ಪಟ್ಟಿಗಳು ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿರಬೇಕು, ಇಲ್ಲದಿದ್ದರೆ ಹಲಗೆ ಡೊಂಕಾಗುತ್ತದೆ. ಉಳಿ, ಗರಗಸಕ್ಕೆ ಎಣ್ಣೆ ಒರೆಸಿಡಿ.

ಮೂಲೆಯಲ್ಲಿ ಒಂದು ಬಟ್ಟಲು ಉಪ್ಪೋ ಇದ್ದಿಲೋ ಇಟ್ಟರೆ ಕೋಣೆ ಒಣಗುತ್ತದೆ ಅಂತಾರೆ, ಅಲ್ವಾ? ಲೆಕ್ಕ ಹಾಕಿ ನೋಡಿ. 12 ಅಡಿಗೆ 10 ಅಡಿ, ಎತ್ತರ 10 ಅಡಿ ಇರುವ ಕೋಣೆಯ ಗಾಳಿ ಸುಮಾರು 34 ಘನ ಮೀಟರ್. 30 ಡಿಗ್ರಿಯಲ್ಲಿ ಅದು ಹಿಡಿಯುವ ನೀರು ಹೆಚ್ಚೆಂದರೆ ಒಂದು ಲೀಟರ್. ಅದೇ ಕೋಣೆಯಲ್ಲಿ ಒಣ ತೂಕ 100 ಕಿಲೋ ಇರುವ ಕಟ್ಟಿಗೆ 15ರಿಂದ 9ಕ್ಕೆ ಇಳಿದರೆ ಹೊರಬರುವುದು 6 ಲೀಟರ್! ನೀರು ನಿಜವಾಗಿ ಇರುವುದು ಕಟ್ಟಿಗೆಯಲ್ಲಿ, ಒಂದು ಬಟ್ಟಲು ಉಪ್ಪೋ ಇದ್ದಿಲೋ ಅದಕ್ಕೆ ಸಾಲದು. ಈ ಲೆಕ್ಕ ನನಗೆ ತುಂಬಾ ಇಷ್ಟ, ಯಾಕೆಂದರೆ ತೇವ ತೆಗೆಯುವ ಮಷಿನ್ ಇಟ್ಟವರಿಗೆ ಅದರ ನೀರಿನ ಡಬ್ಬಿ ಕೋಣೆಯ ಬಾಗಿಲು ಮುಚ್ಚಿದ್ದರೂ ದಿನಾ ತುಂಬುವುದು ಯಾಕೆ ಎಂದು ಇದರಿಂದಲೇ ತಿಳಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳು ಮುಚ್ಚಿದ ಟೂಲ್ ಬಾಕ್ಸಿಗೆ ಮಾತ್ರ ಸರಿ.

ಇದೆಲ್ಲಕ್ಕೂ ಗಾಳಿಯ ತೇವಾಂಶ ತೋರಿಸುವ ಒಂದು ಮೀಟರ್ ಬೇಕು, ಸಾದಾ ಡಿಜಿಟಲ್ ಆದರೂ ನಡೆಯುತ್ತದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ಮಾತ್ರ ನೀರು ಬಿಡಿ. ಮೀಟರ್ ಜೊತೆ ಗಾಳಿ ಆಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. 75 ತೋರಿಸಬೇಕು. 70 ತೋರಿಸಿದರೆ ಮುಂದೆ 5 ಕೂಡಿಸಿ ಓದಿಕೊಳ್ಳಿ. ಬೇರೆಯವರ ಅಂಕಿ ನಂಬಬೇಡಿ. ಸಿಂಧನೂರು, ಗಂಗಾವತಿಯ ಗದ್ದೆ ನಡುವಿನ ಮನೆಯೂ ಕೊಪ್ಪಳ ಪೇಟೆಯ ತಗಡಿನ ಶೆಡ್ಡೂ ಒಂದೇ ಅಲ್ಲ.

ಬಾಗಿಲು ಮಾಡುವಾಗ ನಡುವಿನ ಹಲಗೆಗೆ ಅಂಟು ಹಾಕದೆ ಚೌಕಟ್ಟಿನ ತೋಡಿನಲ್ಲಿ ಸುಮ್ನೆ ಕೂರಿಸಿ. ಒಣಗಿದ ಹಲಗೆಯನ್ನು ಮೇ ತಿಂಗಳಲ್ಲಿ ಕೂರಿಸಿದರೆ ಎರಡೂ ಬದಿ ಜಾಗ ಬಿಡಿ, ಮಳೆಗೆ ಅದು ಹಿಗ್ಗುತ್ತದೆ. ಸೆಪ್ಟೆಂಬರಿನಲ್ಲಾದರೆ ತೋಡಿನೊಳಗೆ ಹಲಗೆ ಆಳವಾಗಿ ಹೋಗಿರಲಿ, ಬೇಸಿಗೆಗೆ ಕುಗ್ಗಿದಾಗ ಅಂಚು ಹೊರಗೆ ಕಾಣಬಾರದು.