ಬೆದರುಬೊಂಬೆಗೆ ರೆಕ್ಕೆ ಬಂದರೆ

ಮಹಾರಾಷ್ಟ್ರದ ಗಡಿಯ ಅಕ್ಕಲಕೋಟೆ, ಜತ್ತ ಕಡೆ ಸೀತನಿ, ಅಂದರೆ ಹಸಿ ಜೋಳದ ತೆನೆ, ಸುಡುವ ಹೊತ್ತಿಗೆ ಸರಿಯಾಗಿ ಗುಲಾಬಿ ಕಬ್ಬಕ್ಕಿಯೂ ಹಾಜರು. ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬರುವ ಈ ಹಿಂಡು, ಮರಾಠಿಯವರ ಬಾಯಲ್ಲಿ ಭೋರಡಿ. ಮಾಲದಂಡಿ ಜೋಳದ ಒಂದು ತುದಿಗೆ ಇಳಿದು ಇನ್ನೊಂದು ತುದಿಯಲ್ಲಿ ಏಳುವಷ್ಟರಲ್ಲಿ ತೆನೆಯ ನೆತ್ತಿ ಬೋಳಾಗಿರುತ್ತದೆ. ದ್ರಾಕ್ಷಿ ಪಡದಲ್ಲಿ ನಷ್ಟ ಇನ್ನೂ ಕಪಟದ್ದು. ಒಂದು ಹಣ್ಣಿಗೆ ಕೊಕ್ಕು ತಾಗಿದರೆ ರಸ ಸೋರಿ, ನೊಣ ಮುತ್ತಿ, ಎರಡು ದಿನದಲ್ಲಿ ಪಕ್ಕದ ಹಣ್ಣೂ ಕೊಳೆಯಲು ಶುರು.

ಇದಕ್ಕೆ ಊರಲ್ಲಿ ಸಿಗುವ ಮದ್ದುಗಳು ಗೊತ್ತೇ ಇವೆ: ಹರಕು ಅಂಗಿಯ ಬೊಂಬೆ, ಹೊಳೆಯುವ ರಿಬ್ಬನ್, ಸತ್ತ ಕಾಗೆಯನ್ನು ಕೋಲಿಗೆ ನೇತುಹಾಕುವುದು, ಈಚೆಗೆ ಪ್ಲಾಸ್ಟಿಕ್ ಗೂಬೆ. ನಾಲ್ಕು ದಿನ ಕೆಲಸ ಮಾಡುತ್ತವೆ. ಐದನೆಯ ದಿನ ಗಿಳಿ ಬೊಂಬೆಯ ತಲೆಯ ಮೇಲೆ ಕೂತು ತೆನೆ ಸುಲಿಯುತ್ತದೆ. ಆಗ ಬೊಂಬೆಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟುತ್ತಾರೆ. ಜನರ ಕಣ್ಣುದೃಷ್ಟಿಯ ಮಾತು ಹೇಗೂ ಇರಲಿ, ಗಿಳಿಗೆ ನಿಂಬೆಹಣ್ಣು ಬರೀ ನಿಂಬೆಹಣ್ಣು. ಬೊಂಬೆಯ ಬದಲು ಪಳಗಿಸಿದ ಗಿಡುಗವನ್ನೇ ಹೊಲದ ಮೇಲೆ ಹಾರಿಸಿದರೆ? ಅದಕ್ಕೂ ಮೊದಲು ಒಂದು ಪ್ರಶ್ನೆ.

ಭಯ ಯಾಕೆ ಹಳಸುತ್ತದೆ? 1937ರಲ್ಲಿ ಪ್ರಾಣಿಗಳ ವರ್ತನೆ ಅಭ್ಯಸಿಸುತ್ತಿದ್ದ ಲೊರೆಂಟ್ಸ್ ಮತ್ತು ಟಿನ್‌ಬರ್ಗನ್ ರಟ್ಟಿನ ಒಂದು ಆಕಾರವನ್ನು ಹಕ್ಕಿಮರಿಗಳ ತಲೆಯ ಮೇಲೆ ಎಳೆದು ನೋಡಿದರು. ಗಿಡ್ಡ ತುದಿ ಮುಂದಾಗಿ ಸಾಗಿದರೆ ಗಿಡುಗದಂತೆ, ಉದ್ದ ತುದಿ ಮುಂದಾದರೆ ಕತ್ತು ಚಾಚಿದ ಬಾತಿನಂತೆ ಕಾಣುವ ಆಕಾರ. ಗಿಡುಗ ಕಂಡಾಗ ಮರಿಗಳು ಬೆದರಿದವು. ಹಾಗಾದರೆ ಗಿಡುಗದ ಚಿತ್ರ ಹುಟ್ಟಿನಿಂದಲೇ ತಲೆಯಲ್ಲಿ ಅಚ್ಚಾಗಿದೆ ಎಂದು ಬಹಳ ಜನ ನಂಬಿದರು. 1961ರಲ್ಲಿ ಶ್ಲೈಟ್ ಎಂಬ ವಿಜ್ಞಾನಿ ಟರ್ಕಿ ಕೋಳಿಗಳ ಮೇಲೆ ಪರೀಕ್ಷಿಸಿ ಬೇರೆಯದನ್ನೇ ತೋರಿಸಿದರು: ದಿನಾ ಕಂಡ ಆಕಾರಕ್ಕೆ ಕೋಳಿಗಳು ಒಗ್ಗಿಹೋಗುತ್ತವೆ, ಅಪರೂಪಕ್ಕೆ ಕಂಡದ್ದಕ್ಕೆ ಬೆಚ್ಚುತ್ತವೆ.

ಅಂದರೆ ಹೆದರಿಕೆ ಇರುವುದು ಆಕಾರದಲ್ಲಲ್ಲ, ಲೆಕ್ಕ ತಪ್ಪಿಸುವುದರಲ್ಲಿ. ಹಗಲೂ ರಾತ್ರಿ ಬೊಗಳುವ ನಾಯಿಗೆ ಯಾವ ಕಳ್ಳನೂ ಅಂಜುವುದಿಲ್ಲ. ಸುಮ್ಮನೆ ಮಲಗಿದ್ದು ಯಾವಾಗಲೋ ಮೀನಖಂಡಕ್ಕೆ ಬಾಯಿ ಹಾಕುವ ನಾಯಿಯ ಓಣಿಗೇ ಹೋಗುವುದಿಲ್ಲ. ಟಿಕೆಟ್ ತನಿಖೆಯವರು ದಿನಾ ಒಂದೇ ಸ್ಟಾಪಿನಲ್ಲಿ ಹತ್ತಿದರೆ ಪುಕ್ಕಟೆ ಪ್ರಯಾಣಿಕರು ಅದರ ಹಿಂದಿನ ಸ್ಟಾಪಿನಲ್ಲಿ ಇಳಿಯುತ್ತಾರೆ. ಪಳಗಿಸಿದ ಗಿಡುಗದ ಬೆಲೆಯೂ ಇಷ್ಟೇ. ಅದು ಕೊಲ್ಲುವ ಹಕ್ಕಿಗಳ ಲೆಕ್ಕ ಏನೂ ಅಲ್ಲ. ‘ಇಲ್ಲಿ ತಲೆ ತಗ್ಗಿಸಿ ತಿಂದರೆ ಏನಾಗುತ್ತದೋ’ ಎಂಬ ಅನುಮಾನ ಹಿಂಡಿನಲ್ಲಿ ಹುಟ್ಟಿದರೆ ಕೆಲಸ ಆಯಿತು. ಅದೇ ಗಿಡುಗವನ್ನು ದಿನಾ ಏಳು ಗಂಟೆಗೆ ಅದೇ ಬದುವಿನಿಂದ ಹಾರಿಸಿ, ಅದೂ ರೆಕ್ಕೆ ಬಂದ ಬೆದರುಬೊಂಬೆ.

ಈ ವಿದ್ಯೆ ನಮಗೇನೂ ಹೊಸತಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗಿಡುಗದ ಬೇಟೆಗೆ ಪ್ರತ್ಯೇಕ ಭಾಗವೇ ಇದೆ. ಡೇಗೆ, ಬೈರಿ, ಸಾಳುವ ಎಂದು ಬೇಟೆಹಕ್ಕಿಗೆ ಕನ್ನಡದಲ್ಲಿ ಹೆಸರುಗಳಿಗೂ ಬರವಿಲ್ಲ. ವಿಜಯನಗರದ ಸಾಳುವ ಮನೆತನದ ಹೆಸರಲ್ಲಿರುವುದೂ ಈ ಹಕ್ಕಿಯೇ.

ಇಂದು ಹಲವು ದೇಶಗಳಲ್ಲಿ ಈ ಕೆಲಸಕ್ಕೆ ಬಳಸುವುದು ಅಮೆರಿಕ ಖಂಡದ ಹ್ಯಾರಿಸ್ ಗಿಡುಗ. ವಿಂಬಲ್ಡನ್ ಟೆನಿಸ್ ಅಂಗಳದಿಂದ ವರ್ಷಗಟ್ಟಲೆ ಪಾರಿವಾಳ ಓಡಿಸಿದ ರೂಫಸ್ ಎಂಬ ಗಿಡುಗ ಇದೇ ಜಾತಿಯದು. ಗುಂಪುಗೂಡಿ ಬೇಟೆಯಾಡುವ ಸ್ವಭಾವ ಇರುವುದರಿಂದ ಮನುಷ್ಯನ ಜೊತೆಯೂ ಬೇಗ ಹೊಂದಿಕೊಳ್ಳುತ್ತದೆ. ಪಳಗಿಸುವುದರ ಗುಟ್ಟು ಪೂರ್ತಿ ತಕ್ಕಡಿಯಲ್ಲಿದೆ. ಹೊಟ್ಟೆ ತುಂಬಿದಾಗ 680 ಗ್ರಾಂ ತೂಗುವ ಗಂಡು, 610ರ ಆಸುಪಾಸಿಗೆ ಬಂದಾಗ ಮಾತು ಕೇಳುತ್ತದೆ ಎನ್ನಿ. 20 ಗ್ರಾಂ ಹೆಚ್ಚಾದರೆ ಬೇವಿನ ಮರ ಹತ್ತಿ ಕೂತು ಕೆಳಗೆ ಕೂಗುವವರನ್ನು ಕಣ್ಣೆತ್ತಿಯೂ ನೋಡದು. ಬಹಳ ಇಳಿದರೆ ನಿಶ್ಶಕ್ತಿಯಿಂದ ಜೋಲುತ್ತದೆ, ಸೆಟೆದು ಸಾಯಲೂಬಹುದು. ಹಾಗಾಗಿ ದಿನಾ ಬೆಳಗ್ಗೆ ತೂಗಿ, ಬರೆದಿಟ್ಟು, ಆಮೇಲೆ ಊಟದ ಲೆಕ್ಕ: ಸುಮಾರು 40 ಗ್ರಾಮಿನ ಒಂದು ದಿನದ ಕೋಳಿಮರಿ ಎರಡೋ ಮೂರೋ, ಚಳಿ ಬಿದ್ದ ರಾತ್ರಿ ಸ್ವಲ್ಪ ಜಾಸ್ತಿ. ಹಿಂದಿನ ದಿನ ತಿಂದದ್ದರಲ್ಲಿ ಜೀರ್ಣವಾಗದೆ ಉಳಿದ ಗರಿ, ತುಪ್ಪಳದ ಉಂಡೆಯನ್ನು ಕಕ್ಕುವ ಮೊದಲು ಹಾರಿಸಬಾರದು.

ಪಾಠ ಶುರುವಾಗುವುದು ತೊಗಲಿನ ಕೈಗವಸಿನ ಮೇಲೆ, ಒಂದು ಹೆಜ್ಜೆಗೆ ಒಂದು ಮಾಂಸದ ಚೂರು. ಆಮೇಲೆ ಒಂದು ಮಾರು. ಆಮೇಲೆ ಕಾಲಿಗೆ 30 ಮೀಟರ್ ಹಗುರ ದಾರ. ಕರೆದ ತಕ್ಷಣ ಸತತ ಮೂರ್ನಾಲ್ಕು ದಿನ ಬಂದರೆ ಮಾತ್ರ ದಾರ ಬಿಚ್ಚುವುದು. ಕಾಲಿಗೆ ಗೆಜ್ಜೆ ಇರಲೇಬೇಕು. ಆಳೆತ್ತರ ಮೀರಿದ ಜೋಳದೊಳಗೆ ಗಿಡುಗ ಇಳಿದರೆ ಕಣ್ಣಿಗೆ ಕಾಣುವುದು ಅಲುಗುವ ಗರಿಯಲ್ಲ, ಎಲೆ. ಅದು ಎಲ್ಲಿದೆ ಎಂದು ಹೇಳುವುದು ಗೆಜ್ಜೆ ಮಾತ್ರ.

ಕೆಡುವ ದಾರಿಗಳು ನೂರು. ಬೋರ್‌ವೆಲ್ಲಿನ ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ಕೂತರೆ ಶಾಕ್ ಹೊಡೆದು ಸಾವು. ಕಾಗೆ, ಕಾಜಾಣ ಸೇರಿ ಅಟ್ಟಿಸಿದರೆ ಮೂರು ಹೊಲದಾಚೆ. ಸೊಲ್ಲಾಪುರದ 40 ಡಿಗ್ರಿ ಬಿಸಿಲಲ್ಲಿ ಬಾಯಿ ತೆರೆದು ಏದುಸಿರು. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ತಡ ಮಾಡುವುದು: ಹಣ್ಣು ಮೆತ್ತಗಾಗುವ ಮೊದಲೇ ಶುರು ಮಾಡಬೇಕು, ಹಿಂಡಿಗೆ ರುಚಿ ಹತ್ತಿದ ಮೇಲಲ್ಲ.

ಇಷ್ಟೆಲ್ಲ ಓದಿ ಬೇಲಿಯಲ್ಲಿರುವ ಶಿಕ್ರಾ ಎಂಬ ನಮ್ಮ ಸಣ್ಣ ಗಿಡುಗದ ಗೂಡಿನಿಂದ ಮರಿ ಇಳಿಸಲು ಯಾರೂ ಹೊರಡಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ನಮ್ಮ ಬೇಟೆಹಕ್ಕಿಗಳನ್ನು ಹಿಡಿಯುವುದು, ಸಾಕುವುದು ಅಪರಾಧ. ಹಿಡಿಯುವ ಅಗತ್ಯವೂ ಇಲ್ಲ. ನ್ಯೂಜಿಲೆಂಡಿನ ಮಾರ್ಲ್‌ಬರೋದಲ್ಲಿ ದ್ರಾಕ್ಷಿ ತೋಟಗಳಿಗೆ ಅಲ್ಲಿಯದೇ ಕಾಡು ಗಿಡುಗ ತಂದು ನೆಲೆಗೊಳಿಸಿದರು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗಿಡುಗವಿಲ್ಲದ ತೋಟಕ್ಕೆ ಹೋಲಿಸಿದರೆ ಹಕ್ಕಿಗಳು ಕಿತ್ತೊಯ್ದ ಹಣ್ಣು 95 ಶೇಕಡಾ ಕಡಿಮೆ. ನಮ್ಮ ಶಿಕ್ರಾ ಬದುವಿನ ಬೇವು, ಜಾಲಿಯಲ್ಲಿ ಕೂರುತ್ತದೆ. ಆ ಮರ ಕಡಿಯದಿದ್ದರೆ ಅರ್ಧ ಕೆಲಸ ಆದಂತೆ. ಹುಳ ತಿನ್ನುವ ಹಕ್ಕಿ ಕೂರಲಿ ಎಂದು ಹೊಲದ ನಡುವೆ ಅಡ್ಡಕೋಲಿನ ಗೂಟ ನೆಟ್ಟಿದ್ದರೆ, ಜೋಳ ಹಾಲುಗಾಳಾಗುತ್ತಿದ್ದ ಹಾಗೆ ಅದನ್ನು ಕಿತ್ತುಬಿಡಿ. ಆಗ ಅದರ ಮೇಲೆ ಕೂರುವುದು ಕಾಜಾಣವಲ್ಲ, ಗಿಳಿ.