ಕಾರಿನೊಳಗೆ ನೀರು ಬರುವ ದಾರಿಗಳು

ನಾಲ್ಕು ಮೀಟರ್ ಉದ್ದ, 1.7 ಮೀಟರ್ ಅಗಲವಿರುವ ಸಾಧಾರಣ ಕಾರೊಂದು ಬಯಲಿನಲ್ಲಿ ನಿಂತಿದೆ. ಕರಾವಳಿಯ ಜುಲೈ ತಿಂಗಳ ಜಡಿಮಳೆ ಗಂಟೆಗೆ 50 ಮಿಲಿಮೀಟರ್ ಪ್ರಮಾಣದಲ್ಲಿ ಸುರಿಯುತ್ತಿದೆ ಎಂದುಕೊಳ್ಳೋಣ. ಒಂದು ಗಂಟೆಯಲ್ಲಿ ಆ ಕಾರಿನ ಮೇಲೆ ಬೀಳುವ ನೀರು ಸುಮಾರು 340 ಲೀಟರ್. ಇಷ್ಟು ನೀರಿನಲ್ಲಿ ಅರ್ಧ ಲೀಟರ್ ಒಳಗೆ ಇಳಿದರೂ ಸಾಕು, ಕಾಲ ಕೆಳಗಿನ ಕಾರ್ಪೆಟ್ ಒದ್ದೆಯಾಗಿ ವಾರದೊಳಗೆ ಮುಗ್ಗಲು ವಾಸನೆ ಶುರುವಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಲ್ಲಿ ಅನೇಕರಿಗೆ ಮೊದಲ ಮಳೆಗಾಲದಲ್ಲಿ ಎದುರಾಗುವ ಸಮಸ್ಯೆ ಇದು. ಬೇಸಿಗೆಯಲ್ಲಿ ನೋಡಿ, ಓಡಿಸಿ, ಎಂಜಿನ್ ಸದ್ದು ಕೇಳಿ ಒಪ್ಪಿಕೊಂಡ ಕಾರು ಜೂನ್ ತಿಂಗಳಲ್ಲಿ ತನ್ನ ಇನ್ನೊಂದು ಮುಖವನ್ನು ತೋರಿಸುತ್ತದೆ.

ನೀರು ಒಳಗೆ ಬಂದ ಕೂಡಲೇ ಎಲ್ಲೋ ತೂತಾಗಿದೆ, ಅದನ್ನು ಮುಚ್ಚಬೇಕು ಎಂದು ನಾವು ಯೋಚಿಸುತ್ತೇವೆ. ಆದರೆ ಕಾರನ್ನು ನೀರು ಹೊಗದ ಡಬ್ಬಿಯಂತೆ ತಯಾರಿಸಿರುವುದಿಲ್ಲ. ಅದರ ಕೆಲವು ಭಾಗಗಳಿಗೆ ನೀರು ಬರಲೆಂದೇ ಬಿಟ್ಟಿರುತ್ತಾರೆ. ಬಂದ ನೀರು ಗೊತ್ತುಪಡಿಸಿದ ದಾರಿಯಲ್ಲಿ ಹರಿದು ನೆಲಕ್ಕೆ ಇಳಿಯುವಂತೆ ಏರ್ಪಾಡು ಇರುತ್ತದೆ. ಆದ್ದರಿಂದ ಸೋರಿಕೆಯೆಂದರೆ ಬಹುಪಾಲು ನೀರು ಹೊರಹೋಗುವ ದಾರಿ ಕಟ್ಟಿಕೊಂಡಿದೆ ಎಂದೇ ಅರ್ಥ. ಈ ದಾರಿಗಳನ್ನು ತಿಳಿದುಕೊಂಡರೆ ದೋಷ ಕಾರ್ಖಾನೆಯದೋ, ಹಿಂದಿನ ರಿಪೇರಿಯದೋ, ಅಲಕ್ಷ್ಯದ್ದೋ ಎಂಬುದೂ ತಿಳಿಯುತ್ತದೆ.

ಬಾಗಿಲನ್ನೇ ತೆಗೆದುಕೊಳ್ಳಿ. ಗಾಜಿನ ಹೊರಬದಿಗೆ ಒತ್ತಿಕೊಂಡಿರುವ ರಬ್ಬರ್ ಬೀಡಿಂಗ್ ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಗಾಜಿನ ಮೇಲೆ ಇಳಿದ ನೀರಿನಲ್ಲಿ ಒಂದಂಶ ಬಾಗಿಲಿನ ಟೊಳ್ಳಿನೊಳಗೆ ಸೇರಿ, ತಳದ ಅಂಚಿನಲ್ಲಿರುವ ಸಣ್ಣ ರಂಧ್ರಗಳ ಮೂಲಕ ಹೊರಬೀಳುತ್ತದೆ. ಒಳಬದಿಯ ಡೋರ್ ಪ್ಯಾಡ್ ಬಿಚ್ಚಿದರೆ ಅದರ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಕಾಣಿಸುತ್ತದೆ. ಅದರ ಸುತ್ತ ಕಪ್ಪಗೆ, ಜಿಗುಟಾಗಿ, ಬೆರಳು ಮುಟ್ಟಿದರೆ ಅಂಟಿಕೊಳ್ಳುವ ಬ್ಯುಟೈಲ್ ರಬ್ಬರಿನ ಎಳೆ ಹರಿದಿರುತ್ತದೆ. ಬಾಗಿಲಿನ ಒದ್ದೆ ಭಾಗಕ್ಕೂ ಕಾರಿನ ಒಣ ಭಾಗಕ್ಕೂ ನಡುವಿನ ಗಡಿ ಈ ಹಾಳೆಯೇ. ಸ್ಪೀಕರ್ ಹಾಕಿಸುವಾಗಲೋ ಪವರ್ ವಿಂಡೋ ಮೋಟರ್ ಬದಲಾಯಿಸುವಾಗಲೋ ಹಾಳೆಯನ್ನು ಕಿತ್ತು, ಮತ್ತೆ ಸರಿಯಾಗಿ ಅಂಟಿಸದೆ ಪ್ಯಾಡನ್ನು ಮುಚ್ಚಿಬಿಟ್ಟರೆ, ಅಂದಿನಿಂದ ಪ್ರತಿ ಮಳೆಯಲ್ಲೂ ನೀರು ಹಾಳೆಯ ಕೆಳಅಂಚಿನಿಂದ ಒಳಕ್ಕೆ ಜಿನುಗುತ್ತದೆ. ಹಳೆಯ ಎಳೆಯ ಮೇಲೆ ಧೂಳು ಮೆತ್ತಿಕೊಂಡಿದ್ದರೆ, ಅದು ಅಂಟು ಬಿಟ್ಟು ಬಹಳ ದಿನವಾಗಿದೆ ಎಂದೇ ತಿಳಿಯಬೇಕು. ಇದಕ್ಕೆ ಕಂಪನಿಯನ್ನು ದೂರುವುದು ಸರಿಯಲ್ಲ.

ವೈಪರ್‌ಗಳ ಕೆಳಗೆ, ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವೆ ಇರುವ ತೊಟ್ಟಿಯ ಕತೆಯೂ ಇಂಥದ್ದೇ. ಗಾಜಿನ ಮೇಲಿನ ನೀರೆಲ್ಲ ಅಲ್ಲಿಗೆ ಇಳಿದು, ಎರಡು ಬದಿಯ ರಂಧ್ರಗಳಿಂದ ಹೊರಹೋಗುತ್ತದೆ. ಕಾರಿನೊಳಗೆ ಗಾಳಿ ಎಳೆದುಕೊಳ್ಳುವ ಬಾಯಿಯೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಿ ಹೊಂಗೆಯ ಹೂವು, ಗುಲ್‌ಮೊಹರಿನ ಸಣ್ಣ ಎಲೆ, ಧೂಳು ಸೇರಿ ಗೊಬ್ಬರದಂತಾಗಿ ಈ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಆಗ ತೊಟ್ಟಿಯಲ್ಲಿ ನೀರಿನ ಮಟ್ಟ ಏರಿ, ಗಾಳಿಯ ಬಾಯಿಯಿಂದಲೇ ಒಳಗೆ ಸುರಿಯುತ್ತದೆ.

ಸನ್‌ರೂಫಿನ ವಿಷಯದಲ್ಲಿ ಜನರ ಕಲ್ಪನೆಗೂ ವಾಸ್ತವಕ್ಕೂ ಇನ್ನೂ ಹೆಚ್ಚು ಅಂತರವಿದೆ. ಗಾಜಿನ ಸುತ್ತಲಿನ ರಬ್ಬರ್ ನೀರನ್ನು ಕಡಿಮೆ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ನುಸುಳಿದ ನೀರು ಚೌಕಟ್ಟಿನ ಸುತ್ತಲಿನ ತಟ್ಟೆಗೆ ಬಿದ್ದು, ಸಾಮಾನ್ಯವಾಗಿ ನಾಲ್ಕು ಮೂಲೆಗಳ ಸಣ್ಣ ಕೊಳವೆಗಳ ಮೂಲಕ, ಗಾಜಿನ ಪಕ್ಕದ ಕಂಬಗಳೊಳಗಿಂದ ಇಳಿದು ಹೊರಹೋಗಬೇಕು. ಕೊಳವೆ ಕಟ್ಟಿಕೊಂಡರೆ ಛಾವಣಿಯ ಬಟ್ಟೆ ಕಲೆಗಟ್ಟುತ್ತದೆ; ಕಂಬದೊಳಗೆ ಕೊಳವೆಯ ಜೋಡಣೆ ಕಳಚಿದ್ದರೆ ಛಾವಣಿ ಒಣಗಿಯೇ ಇದ್ದು, ಕಾಲಿನ ಬಳಿ ಮಾತ್ರ ನೀರು ನಿಲ್ಲುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಆಡಿ ಕಾರುಗಳ ಮಾಲೀಕರು ಇಂಥ ಸೋರಿಕೆಯ ಬಗ್ಗೆಯೇ ಸಾಮೂಹಿಕ ದಾವೆ ಹೂಡಿದ್ದರು. ಕೆಲವರಿಗೆ ರಿಪೇರಿ ಖರ್ಚಿನ ಮರುಪಾವತಿ, ಉಳಿದವರಿಗೆ ಮುಖ್ಯವಾಗಿ ನಿರ್ವಹಣೆಯ ಮಾಹಿತಿ ಎಂಬಂತೆ ಆದ ರಾಜಿಯನ್ನು 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪದೆ ಹಿಂದಕ್ಕೆ ಕಳಿಸಿತು. ಕಸ ಕಟ್ಟಿಕೊಳ್ಳುವಂತೆ ಕೊಳವೆಯನ್ನು ರೂಪಿಸಿದ್ದು ತಯಾರಕರ ತಪ್ಪೋ, ಅದನ್ನು ಶುಚಿ ಮಾಡದಿದ್ದುದು ಮಾಲೀಕರ ತಪ್ಪೋ ಎಂಬ ಪ್ರಶ್ನೆ ನಮ್ಮಲ್ಲೂ ಸರ್ವಿಸ್ ಸೆಂಟರ್‌ಗಳ ಕೌಂಟರಿನಲ್ಲಿ ಎದ್ದೇ ಏಳುತ್ತದೆ. ನನ್ನ ಅಭಿಪ್ರಾಯದಲ್ಲಿ, ಸರ್ವಿಸ್ ಪಟ್ಟಿಯಲ್ಲಿ ಶುಚಿ ಮಾಡಬೇಕೆಂದು ಎಲ್ಲೂ ಹೇಳದೆ, ಮಾಲೀಕನ ಕೈಗೆ ಎಟುಕದ ಜಾಗದಲ್ಲಿಟ್ಟ ಕೊಳವೆ ಕಟ್ಟಿಕೊಂಡರೆ ಅದರ ಹೊಣೆ ತಯಾರಕರದೇ.

ಇನ್ನು ನಿಜವಾದ ತಯಾರಿಕಾ ದೋಷಗಳ ಮಾತು. ಕಾರಿನ ಕವಚವನ್ನು ತೆಳು ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಸಾವಿರಾರು ಸ್ಪಾಟ್ ವೆಲ್ಡ್‌ಗಳಿಂದ ಜೋಡಿಸಿರುತ್ತಾರೆ. ಒಂದು ವೆಲ್ಡ್‌ಗೂ ಇನ್ನೊಂದಕ್ಕೂ ನಡುವೆ ಹಾಳೆಗಳು ಕೂಡಿಕೊಂಡಂತೆ ಕಂಡರೂ ಅಲ್ಲಿ ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ಇಂಥ ಸಂದಿನಲ್ಲಿ ನೀರು ಮೇಲಕ್ಕೂ ಏರಬಲ್ಲದು. ಎರಡು ಹಾಳೆಗಳ ಅಂತರ 0.1 ಮಿಲಿಮೀಟರ್ ಇದ್ದು, ಮೇಲ್ಮೈ ನೀರಿಗೆ ಚೆನ್ನಾಗಿ ಒದ್ದೆಯಾಗುವಂತಿದ್ದರೆ, ನೀರಿನ ಮೇಲ್ಮೈ ಎಳೆತವೇ ಅದನ್ನು ಸುಮಾರು 14 ಸೆಂಟಿಮೀಟರ್ ಎತ್ತರಕ್ಕೆ ಏರಿಸಬಲ್ಲದು ಎಂದು ಲೆಕ್ಕ ಹೇಳುತ್ತದೆ. ಬಣ್ಣ ಹಚ್ಚಿದ ಲೋಹದಲ್ಲಿ ಅಷ್ಟು ಏರದಿದ್ದರೂ ತತ್ತ್ವ ಅದೇ. ಇದನ್ನು ತಡೆಯಲೆಂದೇ ಕಾರ್ಖಾನೆಯ ಬಣ್ಣ ಹಚ್ಚುವ ವಿಭಾಗದಲ್ಲಿ ಜೋಡಣೆಗಳ ಉದ್ದಕ್ಕೂ ಪಿವಿಸಿ ಮೂಲದ ಸೀಲರ್ ಎಳೆದು, ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ಆ ಎಳೆ ಒಂದು ಮೂಲೆಯಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೂ, ಗುಳ್ಳೆಯೊಂದು ಒಡೆದು ರಂಧ್ರವಾದರೂ ಅಲ್ಲೊಂದು ಶಾಶ್ವತ ಸೋರಿಕೆ ಹುಟ್ಟುತ್ತದೆ. ಹಿಂದಿನ ದೀಪದ ಗ್ಯಾಸ್ಕೆಟ್ ಮಡಚಿ ಕೂತಿರುವುದು, ಎಂಜಿನ್ ಗೋಡೆಯಲ್ಲಿ ವೈರು ಹಾದುಹೋಗುವ ರಬ್ಬರ್ ಗ್ರೊಮೆಟ್ ಪೂರ್ತಿ ಕೂರದಿರುವುದು, ಛಾವಣಿಯ ಆಂಟೆನಾದ ಬುಡ ಸಡಿಲವಾಗಿರುವುದು ಇವೂ ಇದೇ ಜಾತಿಯ ದೋಷಗಳು. ಕಾರ್ಖಾನೆಯ ಕೊನೆಯ ಹಂತದಲ್ಲಿ ಕಾರುಗಳ ಮೇಲೆ ನೀರು ಸುರಿಸಿ ಪರೀಕ್ಷಿಸುತ್ತಾರೆ, ಆದರೆ ಕೆಲವೇ ನಿಮಿಷಗಳ ಆ ಪರೀಕ್ಷೆಯಲ್ಲಿ, ನಿಂತ ಕಾರಿನಲ್ಲಿ, ನಿಧಾನವಾಗಿ ಜಿನುಗುವ ಸಂದು ಸಿಕ್ಕಿಬೀಳದೇ ಹೋಗಬಹುದು.

ಓಡುವ ಕಾರಿನಲ್ಲಿ ಗಾಳಿಯ ಒತ್ತಡವೂ ಸೇರಿಕೊಳ್ಳುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 460 ಪಾಸ್ಕಲ್. ಇದು ನಾಲ್ಕೂವರೆ ಸೆಂಟಿಮೀಟರ್ ಎತ್ತರದ ನೀರನ್ನು ಎತ್ತಿ ಹಿಡಿಯಲು ಸಾಕು. ಮನೆಯ ಮುಂದೆ ನಿಂತಾಗ ಒಂದು ಹನಿಯೂ ಬಾರದ ಕಾರು ಹೆದ್ದಾರಿಯಲ್ಲಿ ಸೋರುವುದಕ್ಕೆ ಇದೇ ಕಾರಣ. ಜತೆಗೆ ನೀರು ತಾನು ಹೊಕ್ಕ ಜಾಗದಲ್ಲಿಯೇ ಕಾಣಿಸಿಕೊಳ್ಳುವುದಿಲ್ಲ. ಗ್ರೊಮೆಟ್‌ನಲ್ಲಿ ಹೊಕ್ಕ ಹನಿ ವೈರುಗಳ ಕಟ್ಟನ್ನು ಹಿಡಿದು ಜಾರುತ್ತಾ ಹೋಗಿ, ಆ ಕಟ್ಟು ಎಲ್ಲಿ ಅತ್ಯಂತ ತಗ್ಗಿನಲ್ಲಿ ಬಾಗಿದೆಯೋ ಅಲ್ಲಿ ತೊಟ್ಟಿಕ್ಕುತ್ತದೆ. ಒಳ್ಳೆಯ ವಿನ್ಯಾಸದಲ್ಲಿ ವೈರನ್ನು ಗ್ರೊಮೆಟ್‌ಗೆ ಹೊಗಿಸುವ ಮೊದಲು ಹೊರಗೇ ಕೆಳಕ್ಕೆ ಬಾಗಿಸಿರುತ್ತಾರೆ, ಹನಿ ಅಲ್ಲೇ ಉದುರಲಿ ಎಂದು. ಹೊರಗಿನಿಂದ ತಂದ ಮ್ಯೂಸಿಕ್ ಸಿಸ್ಟಂ, ಕ್ಯಾಮೆರಾ, ಹಾರ್ನ್ ಕೂರಿಸುವವರು ಈ ಬಾಗನ್ನು ಮರೆತು ವೈರನ್ನು ಬಿಗಿಯಾಗಿ ಎಳೆದುಬಿಟ್ಟರೆ ನೀರಿಗೆ ನೇರ ದಾರಿ ಸಿಗುತ್ತದೆ.

ಬಂದಿರುವುದು ಮಳೆನೀರೇ ಎಂಬುದನ್ನೂ ಮೊದಲು ಖಚಿತಪಡಿಸಿಕೊಳ್ಳಬೇಕು. ಎ.ಸಿ. ಓಡಿದ ಮೇಲೆ ಮುಂದಿನ ಪ್ಯಾಸೆಂಜರ್ ಸೀಟಿನ ಕಾಲಿನ ಬಳಿ ಸ್ವಚ್ಛವಾದ, ವಾಸನೆಯಿಲ್ಲದ ನೀರು ಕಂಡರೆ, ಒಳಗಿನ ತಂಪು ಸುರುಳಿಯ ಮೇಲೆ ಇಳಿದ ತೇವವನ್ನು ಹೊರಹಾಕುವ ಕೊಳವೆ ಕಟ್ಟಿಕೊಂಡಿರುವ ಸಂಭವವೇ ಹೆಚ್ಚು. ನೀರು ಅಂಟಂಟಾಗಿದ್ದು ಸಿಹಿ ವಾಸನೆ ಬರುತ್ತಿದ್ದರೆ, ಮುಂದಿನ ಗಾಜಿನ ಒಳಬದಿ ಜಿಡ್ಡುಜಿಡ್ಡಾಗಿ ಮಸುಕಾಗುತ್ತಿದ್ದರೆ, ಹೀಟರಿನಿಂದ ಕೂಲಂಟ್, ಅಂದರೆ ಎಂಜಿನ್ ತಂಪಾಗಿಸುವ ದ್ರವ, ಸೋರುತ್ತಿದೆ. ಎಂಜಿನ್ ಕಾದು ಕೆಡುವ ಮೊದಲೇ ಇದನ್ನು ಸರಿಪಡಿಸಬೇಕು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷಕಾರಿ, ಮಕ್ಕಳೂ ಸಾಕುಪ್ರಾಣಿಗಳೂ ಅದರ ಹತ್ತಿರ ಸುಳಿಯಬಾರದು.

ಒದ್ದೆಯಾದ ಕಾರು ಬಿಸಿಲಿಗೆ ನಿಲ್ಲಿಸಿದರೆ ತಾನಾಗಿ ಒಣಗುತ್ತದೆ ಎಂಬ ನಂಬಿಕೆ ಬಲವಾಗಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡುತ್ತದೆ, 20 ಡಿಗ್ರಿಯಲ್ಲಿ 17 ಗ್ರಾಂ. ಕಾರಿನೊಳಗಿನ ಗಾಳಿ ಮೂರು ಘನ ಮೀಟರ್ ಎಂದಿಟ್ಟುಕೊಂಡರೆ, ಹಗಲಲ್ಲಿ ಆವಿಯಾದ ನೀರಿನಲ್ಲಿ ಸುಮಾರು 40 ಗ್ರಾಂ ರಾತ್ರಿ ತಂಪಾದಾಗ ಗಾಜಿನ ಒಳಬದಿಗೆ ಹನಿಯಾಗಿ ಕೂರುತ್ತದೆ, ಇಳಿದು ಮತ್ತೆ ಕಾರ್ಪೆಟ್ಟಿಗೇ ಸೇರುತ್ತದೆ. ಕಾರ್ಪೆಟ್ಟಿನ ಅಡಿಯ ಫೋಮ್ ಲೀಟರ್‌ಗಟ್ಟಲೆ ನೀರನ್ನು ಹಿಡಿದಿಟ್ಟುಕೊಂಡಿರಬಹುದು. ಕಿಟಕಿ ಮುಚ್ಚಿದ ಕಾರಿನಿಂದ ಆ ನೀರು ಬಹುಮಟ್ಟಿಗೆ ಹೊರಗೆ ಹೋಗುವುದೇ ಇಲ್ಲ. ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಅಡಿಯಲ್ಲಿ ಗಾಳಿಯಾಡುವಂತೆ ಮಾಡದೆ ಬೇರೆ ದಾರಿಯಿಲ್ಲ. ಸೀಟಿನ ಕೆಳಗಿನ ಹಳದಿ ಕನೆಕ್ಟರ್‌ಗಳು ಏರ್‌ಬ್ಯಾಗ್ ವ್ಯವಸ್ಥೆಗೆ ಸೇರಿದವು. ಬ್ಯಾಟರಿ ಕಳಚಿ ಕೆಲವು ನಿಮಿಷ ಕಾಯದೆ ಅವನ್ನು ಮುಟ್ಟಬಾರದು.

ವಾಸನೆ ಈ ಸಮಸ್ಯೆಯ ಸಣ್ಣ ಭಾಗ ಮಾತ್ರ. ಕಾರ್ಪೆಟ್ಟಿನ ಕೆಳಗೆ, ಸೀಟಿನ ಅಡಿಯಲ್ಲಿ ವೈರುಗಳ ಜೋಡಣೆಗಳೂ ಎಲೆಕ್ಟ್ರಾನಿಕ್ ಘಟಕಗಳೂ ಇರುತ್ತವೆ. ತಾಮ್ರದ ಪಿನ್ನುಗಳ ಮೇಲೆ ಹಸಿರು ಪುಡಿ ಕಟ್ಟಿ, ಸೆಂಟ್ರಲ್ ಲಾಕ್ ಮನಬಂದಂತೆ ತೆರೆಯುವುದು, ಏರ್‌ಬ್ಯಾಗ್ ದೀಪ ಹತ್ತಿಕೊಂಡೇ ಇರುವುದು ಮುಂತಾದ ತೊಂದರೆಗಳು ಶುರುವಾಗುತ್ತವೆ. ಮೂಲ ಎಲ್ಲಿದೆಯೆಂದು ತಿಳಿಯದೆ ಬಿಡಿಭಾಗ ಬದಲಾಯಿಸುತ್ತಾ ಹೋದವರಿಗೆ ಖರ್ಚಿನ ಕೊನೆ ಕಾಣುವುದಿಲ್ಲ. ಹೊರಗಿನಿಂದ ಗಾಳಿಯಲ್ಲಿ ಬರುವ ತೇವವೂ ಅಪಾಯ ತರಬಲ್ಲದು ಎಂಬುದನ್ನು ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳು ತೋರಿಸಿದವು. ಅವುಗಳ ಚೀಲವನ್ನು ಉಬ್ಬಿಸುವ ಘಟಕವಾದ ಇನ್‌ಫ್ಲೇಟರ್‌ನಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಕೆಟ್ಟು, ಉರಿಯುವಾಗ ಮಿತಿಮೀರಿದ ವೇಗದಲ್ಲಿ ಉರಿದು, ಲೋಹದ ಕವಚವನ್ನೇ ಸಿಡಿಸಿ ಚೂರುಗಳನ್ನು ಎರಚುತ್ತಿತ್ತು. ಅಮೆರಿಕದಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳನ್ನು ಹಿಂದಕ್ಕೆ ಕರೆಯಲಾಯಿತು. 2017ರಲ್ಲಿ ಕಂಪನಿ ದಿವಾಳಿಯಾಯಿತು. ಭಾರತದಲ್ಲಿ ಹೋಂಡಾ, ಟೊಯೋಟಾ ಮೊದಲಾದವರು ಇದೇ ಕಾರಣಕ್ಕೆ ಕಾರುಗಳನ್ನು ಮರಳಿ ಕರೆದರು. ಕರಾವಳಿಯಲ್ಲಿ ಹತ್ತು ವರ್ಷ ದಾಟಿದ ಕಾರು ಕೊಳ್ಳುವವರು ಅದರ ಚಾಸಿಸ್ ಸಂಖ್ಯೆಯನ್ನು ಕಂಪನಿಗೆ ಕೊಟ್ಟು, ಮರಳಿ ಕರೆದ ಪಟ್ಟಿಯಲ್ಲಿ ಅದು ಇದೆಯೇ, ಇದ್ದರೆ ಬದಲಾವಣೆ ಆಗಿದೆಯೇ ಎಂದು ಕೇಳಲೇಬೇಕು. ಮಾಲೀಕ ಬದಲಾದ ಮಾತ್ರಕ್ಕೆ ಈ ರಿಪೇರಿಯ ಹಕ್ಕು ಹೋಗುವುದಿಲ್ಲ.

ಸೋರಿಕೆ ಹುಡುಕಲು ದುಬಾರಿ ಉಪಕರಣ ಬೇಕಿಲ್ಲ, ತಾಳ್ಮೆ ಬೇಕು. ಒಳಗನ್ನು ಪೂರ್ತಿ ಒಣಗಿಸಿ, ಅನುಮಾನದ ಜಾಗಗಳಲ್ಲಿ ಹಳೆಯ ಪತ್ರಿಕೆಯ ಹಾಳೆ ಹಾಸಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರನ್ನು ಮೆಲ್ಲಗೆ ಹರಿಯಬಿಡಬೇಕು. ಕೆಳಗಿನಿಂದ ಆರಂಭಿಸಿ ಒಂದೊಂದೇ ಭಾಗಕ್ಕೆ ಹಲವು ನಿಮಿಷ ನೀರು ಬಿಟ್ಟು ಮೇಲಕ್ಕೆ ಹೋಗಬೇಕು. ಮೊದಲೇ ಛಾವಣಿಗೆ ಸುರಿದರೆ ನೀರು ಎಲ್ಲ ಕಡೆ ಇಳಿದು ಏನೂ ತಿಳಿಯದಾಗುತ್ತದೆ. ಸನ್‌ರೂಫ್ ತೆರೆದು ತಟ್ಟೆಯ ಮೂಲೆಗೆ ಅರ್ಧ ಲೋಟ ನೀರು ಹೊಯ್ದರೆ ಅದು ಕಾರಿನ ಕೆಳಗೆ ಕಾಣಿಸಿಕೊಳ್ಳಬೇಕು. ಕಟ್ಟಿಕೊಂಡ ಕೊಳವೆಗೆ ಕಂಪ್ರೆಸರ್ ಗಾಳಿ ಹೊಡೆಯುವ ಅಭ್ಯಾಸ ಕೆಟ್ಟದ್ದು, ಒಳಗಿನ ಜೋಡಣೆಯೇ ಕಿತ್ತುಹೋಗುತ್ತದೆ; ತೆಳುವಾದ ನೈಲಾನ್ ಎಳೆಯಿಂದ ಮೆತ್ತಗೆ ಬಿಡಿಸುವುದೇ ಸರಿ.

ಸಂದು ಸಿಕ್ಕ ಮೇಲೂ ಕೈಗೆ ಸಿಕ್ಕ ಸಿಲಿಕೋನ್ ಬಳಿಯುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ವಿನೆಗರ್ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಅದು ಉಕ್ಕಿನ ತುಕ್ಕಿಗೆ ಇಂಬು ಕೊಡುತ್ತದೆ. ಅದರ ಮೇಲೆ ಬಣ್ಣವೂ ಹಿಡಿಯುವುದಿಲ್ಲ. ಅದನ್ನು ನೀರು ಹೊರಹೋಗುವ ರಂಧ್ರಕ್ಕೇ ಬಳಿದುಬಿಟ್ಟ ಕಾರುಗಳೂ ಉಂಟು. ಕವಚದ ಜೋಡಣೆಗೆ ಪಾಲಿಯುರೆಥೇನ್ ಸೀಲರ್, ಡೋರ್ ಹಾಳೆಗೆ ಬ್ಯುಟೈಲ್ ಟೇಪ್, ಮುಂದಿನ ಗಾಜಿಗೆ ಅದರದೇ ಅಂಟು ಬಳಸಬೇಕು. ತುಕ್ಕಿದ್ದರೆ ಮೊದಲು ಅದನ್ನು ಕೆರೆದು, ಪ್ರೈಮರ್ ಹಚ್ಚಿ, ಆಮೇಲೆ ಸೀಲರ್ ಎಳೆಯಬೇಕು.

ಹೊಣೆ ಯಾರದು ಎಂಬುದನ್ನು ಕಾರಿನ ಗುರುತುಗಳೇ ಹೇಳುತ್ತವೆ. ಕಾರ್ಖಾನೆಯ ಸೀಲರ್ ಎಳೆ ಎಡಬಲಗಳಲ್ಲಿ ಒಂದೇ ಬಗೆಯಾಗಿರುತ್ತದೆ. ಒಂದು ಬದಿಯಲ್ಲಿ ಮಾತ್ರ ಅದು ಬ್ರಷ್ಷಿನಿಂದ ಬಳಿದಂತಿದ್ದರೆ, ಬೋಲ್ಟಿನ ಮೂಲೆಗಳಲ್ಲಿ ಬಣ್ಣ ಕಿತ್ತಿದ್ದರೆ ಅಲ್ಲಿ ಅಪಘಾತದ ನಂತರ ಟಿಂಕರಿಂಗ್ ಆಗಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದಾಗ ಕೆಸರಿನ ಗೆರೆ ಕಂಡರೆ, ಸ್ಟೆಪ್ನಿಯ ಗುಂಡಿಯಲ್ಲಿ ನುಣ್ಣನೆಯ ಹೂಳಿದ್ದರೆ ಕಾರು ನೆರೆಯಲ್ಲಿ ಮುಳುಗಿತ್ತೆಂದು ಅನುಮಾನಿಸಬೇಕು. 2015ರ ಚೆನ್ನೈ ನೆರೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಸುತ್ತ ನುಗ್ಗಿದ ನೀರು, ಇಂಥ ಘಟನೆಗಳ ನಂತರ ಮುಳುಗಿದ ಕಾರು ಶುಚಿಗೊಂಡು ಬೇರೆ ಊರಿನ ಮಾರುಕಟ್ಟೆಗೆ ಬರುವ ಸಾಧ್ಯತೆ ಇದ್ದೇ ಇರುತ್ತದೆ. ಅದೇ ಮಾದರಿಯ, ಅದೇ ವರ್ಷದ ಹಲವು ಕಾರುಗಳಲ್ಲಿ ಒಂದೇ ಜಾಗದಲ್ಲಿ ನೀರು ಬರುತ್ತಿದ್ದರೆ ಅದು ತಯಾರಿಕಾ ಅಥವಾ ವಿನ್ಯಾಸದ ದೋಷವೆಂದು ವಾದಿಸಲು ಗಟ್ಟಿಯಾದ ಆಧಾರ ಸಿಗುತ್ತದೆ.

2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಂ, ಪರಿಸರಕ್ಕೋ ಪ್ರಯಾಣಿಕರಿಗೋ ರಸ್ತೆಯಲ್ಲಿರುವ ಇತರರಿಗೋ ಹಾನಿ ತರಬಲ್ಲ ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಯುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತವೆ. ದಂಡ 10 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ. ಬರೀ ಒದ್ದೆ ಕಾರ್ಪೆಟ್ ಈ ವ್ಯಾಪ್ತಿಗೆ ಬಾರದು, ಆದರೆ ಸೋರಿದ ನೀರು ಏರ್‌ಬ್ಯಾಗ್ ಅಥವಾ ಬ್ರೇಕಿನ ಎಲೆಕ್ಟ್ರಾನಿಕ್ಸ್ ಕೆಡಿಸುತ್ತಿದ್ದರೆ ಅದು ಸುರಕ್ಷತೆಯ ವಿಷಯವಾಗುತ್ತದೆ. ಕಾರನ್ನು ವ್ಯಾಪಾರಿಯಿಂದ ಕೊಂಡಿದ್ದರೆ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ, ಸಾಮಾನ್ಯವಾಗಿ ಎರಡು ವರ್ಷದೊಳಗೆ ದೂರು ಕೊಡಬೇಕು. ಅಲ್ಲಿ ನಿಲ್ಲುವುದು ದಾಖಲೆ. ಪೈಪಿನ ನೀರು ಬಿಟ್ಟಾಗ ಹನಿ ಒಳಗೆ ಇಳಿಯುವ ವೀಡಿಯೊ, ಏನನ್ನೂ ಬಳಿಯುವ ಮೊದಲು ತೆಗೆದ ಸೀಲರಿನ ಫೋಟೊ, ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ದೂರನ್ನು ನೀವು ಹೇಳಿದ ಮಾತಿನಲ್ಲೇ ಬರೆಸಿ ಪಡೆದ ಪ್ರತಿ, ಈ ಮೂರನ್ನೂ ಮೊದಲ ದಿನವೇ ತೆಗೆದಿಟ್ಟುಕೊಳ್ಳಬೇಕು.